ಪರೀಕ್ಷೆ ಬರೆದಾಯಿತು, ಸೀಟು ಯಾರಿಗೆ?

ಪ್ರವೇಶ ಪರೀಕ್ಷೆ ಮುಗಿಸಿ ಮಗು ಹೊರಗೆ ಬಂದರೆ ಎಲ್ಲರೂ ಕೇಳುವುದು ಒಂದೇ: ‘ಎಷ್ಟು ಬರಬಹುದು?’ ಆದರೆ ಮಕ್ಕಳನ್ನು ಆರಿಸಿ ಸೇರಿಸಿಕೊಳ್ಳುವ ಪ್ರೌಢಶಾಲೆಗಳಲ್ಲಿ ಅಂಕ ಬಂದ ಮಾತ್ರಕ್ಕೆ ಸೀಟು ಬರುವುದಿಲ್ಲ. ಶಾಲೆಯ ಲೆಕ್ಕ ಏನು ಅಂತ ಅರ್ಜಿ ತುಂಬುವ ಮೊದಲೇ ತಿಳಿದುಕೊಳ್ಳಿ.

ಮೊದಲು, ಬರೆಯಲು ಯಾರಿಗೆ ಅವಕಾಶವಿದೆ ನೋಡಿ. ನವೋದಯದ ಆರನೇ ತರಗತಿಗೆ ಅದೇ ಜಿಲ್ಲೆಯವರಾಗಿರಬೇಕು. ಪರೀಕ್ಷೆ ಬರೆಯುವುದು ಒಂದೇ ಸಲ. ಕನಿಷ್ಠ 75% ಸೀಟು ಹಳ್ಳಿ ಮಕ್ಕಳಿಗೆ.

ಆಮೇಲೆ ವಯಸ್ಸಿನ ಲೆಕ್ಕ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಮಗುವೂ ಮುಂದಿನ ಆಗಸ್ಟ್‌ನಲ್ಲಿ ಹುಟ್ಟಿದ ಮಗುವೂ ಒಂದೇ ತರಗತಿ. ಹತ್ತು ವರ್ಷದ ಮಕ್ಕಳಿಗೆ ಹನ್ನೊಂದು ತಿಂಗಳು ಸಣ್ಣ ಅಂತರವಲ್ಲ. ಅದಕ್ಕೇ ಅಲ್ಲಿನ ಗ್ರಾಮರ್ ಶಾಲೆಗಳ (ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸುವ ಸರ್ಕಾರಿ ಪ್ರೌಢಶಾಲೆಗಳ) ಪರೀಕ್ಷೆಯಲ್ಲಿ ಸಾಮಾನ್ಯವಾಗಿ ವಯಸ್ಸು ನೋಡಿ ಅಂಕ ಸರಿಹೊಂದಿಸುತ್ತಾರೆ.

ಮುಂದಿನದು ಮುಖ್ಯ: ಪಾಸಾದರೆ ಸಾಕೋ, ರ‍್ಯಾಂಕ್ ಬೇಕೋ? ಕೆಲವು ಗ್ರಾಮರ್ ಶಾಲೆಗಳು ಮೇಲಿನ ಅಂಕದಿಂದ ಕೆಳಗೆ ಇಳಿಯುತ್ತಾ ಸೀಟು ತುಂಬುತ್ತವೆ. ಇನ್ನು ಕೆಲವದರಲ್ಲಿ ಪಾಸಾದವರೆಲ್ಲ ಸಮ. ಅಲ್ಲಿ ಸರ್ಕಾರದ ಆರೈಕೆಯಲ್ಲಿರುವ ಮಕ್ಕಳಿಗೆ ಮೊದಲ ಆದ್ಯತೆ. ನಂತರ ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದಾರಾ, ಮನೆ ಎಷ್ಟು ಹತ್ತಿರ ಎಂಬುದೆಲ್ಲ ಬರುತ್ತದೆ. ಇಂಥ ಶಾಲೆಗೆ ಹತ್ತು ಅಂಕ ಜಾಸ್ತಿ ತೆಗೆದೂ ಪ್ರಯೋಜನವಿಲ್ಲದೆ ಹೋಗಬಹುದು. ಪಕ್ಕದ ಬೀದಿಯ ಮಗು ಸುಮ್ನೆ ಪಾಸಾಗಿದ್ದರೂ ಸೀಟು ಅದಕ್ಕೇ.

ಇನ್ನು ಶಾಲೆಗಳ ಪಟ್ಟಿ. ಬಹಳ ಜನ ಎಡವುವುದು ಇಲ್ಲೇ. ಯಾವ ಶಾಲೆ ಮೊದಲು, ಯಾವುದು ಎರಡನೆಯದು ಅಂತ ಬರೆಯುವ ಆ ಪಟ್ಟಿಗೆ ಒಂದೊಂದು ಊರಲ್ಲಿ ಒಂದೊಂದು ಅರ್ಥ. ನ್ಯೂಯಾರ್ಕ್‌ನಲ್ಲಿ ಆಯ್ದ ಎಂಟು ಸರ್ಕಾರಿ ಪ್ರೌಢಶಾಲೆಗಳಿಗೆ ಒಂದೇ ಪರೀಕ್ಷೆ. ಹೆಚ್ಚು ಅಂಕದವರಿಂದ ಶುರುಮಾಡಿ, ಅವರವರ ಪಟ್ಟಿಯಲ್ಲಿ ಸೀಟು ಉಳಿದಿರುವ ಮೊದಲ ಶಾಲೆ ಕೊಡುತ್ತಾರೆ. ಹಾಗಾಗಿ ಅಲ್ಲಿ ನಿಜವಾಗಿ ಇಷ್ಟವಿರುವ ಕ್ರಮದಲ್ಲೇ ಬರೆಯುವುದು ಜಾಣತನ. ಇಂಗ್ಲೆಂಡಿನಲ್ಲಿ ನೀವು ಎಷ್ಟನೆಯದಾಗಿ ಬರೆದಿದ್ದೀರಿ ಅಂತ ನೋಡಿ ಶಾಲೆ ಆದ್ಯತೆ ಕೊಡುವಂತಿಲ್ಲ. ಸಿಂಗಪುರದಲ್ಲಿ ಪ್ರಾಥಮಿಕ ಶಾಲೆ ಮುಗಿಸುವ ಪರೀಕ್ಷೆಯ ಒಟ್ಟು ಅಂಕ 2021ರಿಂದ 4ರಿಂದ 32ರವರೆಗೆ, ಕಡಿಮೆ ಬಂದಷ್ಟೂ ಒಳ್ಳೆಯದು. ಇಷ್ಟು ಚಿಕ್ಕ ಅಳತೆಯಲ್ಲಿ ಸಮ ಅಂಕ ಬರುವುದು ಸಹಜ ಅಲ್ವಾ? ಕೊನೆಯ ಸೀಟಿಗೆ ಸಮ ಬಂದರೆ ಮೊದಲು ಪೌರತ್ವ ನೋಡುತ್ತಾರೆ. ಆಮೇಲೆ ಶಾಲೆಯನ್ನು ಯಾರು ಪಟ್ಟಿಯಲ್ಲಿ ಮೇಲೆ ಬರೆದಿದ್ದಾರೆ ಎಂದು. ಅದೂ ಸಮವಾದರೆ ಕಂಪ್ಯೂಟರ್ ಚೀಟಿ ಎತ್ತುತ್ತದೆ! ಕೈಗೆಟುಕದ ಶಾಲೆಯನ್ನು ಆಸೆಗೆ ಮೊದಲು ಬರೆದರೆ, ಸಿಗಬಹುದಾಗಿದ್ದದ್ದೂ ಇಲ್ಲಿ ಕೈತಪ್ಪಬಹುದು.

ಹೋದ ವರ್ಷದ ಕಟ್‌ಆಫ್ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಎಷ್ಟೋ ಕಡೆ ಅದು ಕೊನೆಯ ಸೀಟು ಪಡೆದವರ ಅಂಕ, ಅಷ್ಟೇ.

ಸೀಟು ಸಿಗದಿದ್ದರೆ ವೇಟಿಂಗ್ ಲಿಸ್ಟ್ ಯಾವ ಕ್ರಮದಲ್ಲಿದೆ ಎಂದೂ ಕೇಳಿ. ಇಂಗ್ಲೆಂಡಿನಲ್ಲಿ ಮೊದಲು ಬಂದವರಿಗೆ ಮೊದಲು ಎನ್ನುವ ಲೆಕ್ಕ ಇಲ್ಲ, ಪ್ರವೇಶದ ನಿಯಮವೇ ಅಲ್ಲಿಗೂ. ನಿನ್ನೆ ಮೂರನೆಯವರಾಗಿದ್ದವರು ಇವತ್ತು ಐದನೆಯವರಾಗಬಹುದು.