ಹಳೆಯ ಅಂಬಾಸಿಡರನ್ನು ಗೋಡೆಯ ಚಿತ್ರವಾಗಿಸುವ ಬಗೆ

ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡ ಮನೆಗಳು ನಮ್ಮ ಊರುಗಳಲ್ಲಿವೆ. ಅಂಥ ಕಾರು ಪರಿಚಯದವರಲ್ಲಿದ್ದರೆ, ಅಂಗಡಿಯ ಪೋಸ್ಟರ್ ಕೊಳ್ಳುವ ಬದಲು ಅವರ ಒಪ್ಪಿಗೆ ಪಡೆದು ನೀವೇ ಚಿತ್ರ ತೆಗೆದು ನಡುಮನೆಯಲ್ಲಿ ತೂಗುಹಾಕಬಹುದು.

ಮೊದಲು ಕಾರಿನ ಯಾವ ಭಾಗ ಬೇಕೆಂಬುದನ್ನು ನಿರ್ಧರಿಸಿ. ಇಡೀ ಕಾರನ್ನು ತುಂಬಿಸಿದ ಚಿತ್ರ ಆಲ್ಬಮ್ಮಿಗೆ ಚೆಂದ, ಆದರೆ ದಿನವೂ ನೋಡುವ ಗೋಡೆಯ ಮೇಲೆ ಅದು ಬೇಗ ಸಪ್ಪೆಯಾಗುತ್ತದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಆ ದುಂಡು ಹೆಡ್‌ಲೈಟ್, ಉಬ್ಬಿದ ಬಾನೆಟ್, ಇವುಗಳಲ್ಲಿ ಒಂದೇ ಸಾಕು. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಒಂದು ಗಂಟೆ ಕಳೆದರೆ, ಹಳೆಯ ಕಾರುಗಳ ಅಂದ ಇಂಥ ಬಿಡಿಭಾಗಗಳಲ್ಲಿಯೇ ಇದೆಯೆಂಬುದು ಕಣ್ಣಿಗೆ ತಾನಾಗಿ ತಿಳಿಯುತ್ತದೆ.

ಚಿತ್ರ ಕೆಡುವುದು ಹೆಚ್ಚಾಗಿ ಪ್ರತಿಬಿಂಬದಿಂದ. ಹೊಳಪಿನ ಬಣ್ಣವೂ ಕ್ರೋಮ್ ಲೇಪದ ಬಂಪರ್ ಕೂಡ ಎದುರಿಗಿರುವ ವಿದ್ಯುತ್ ಕಂಬ, ಕಾಂಪೌಂಡು, ಕ್ಯಾಮೆರಾ ಹಿಡಿದ ನಿಮ್ಮನ್ನೂ ಸೇರಿಸಿ ಎಲ್ಲವನ್ನೂ ತೋರಿಸಿಬಿಡುತ್ತವೆ. ಆದ್ದರಿಂದ ಕಾರನ್ನು ಬಯಲಿಗೆ ತಂದು, ಸೂರ್ಯ ಮುಳುಗಿದ ಮೇಲಿನ ಹತ್ತಿಪ್ಪತ್ತು ನಿಮಿಷಗಳಲ್ಲಿ ಚಿತ್ರ ತೆಗೆಯಿರಿ. ಆಗ ಇಡೀ ಆಕಾಶವೇ ಒಂದು ದೊಡ್ಡ ದೀಪವಾಗಿ, ಬಾನೆಟ್ಟಿನ ಮೇಲೆ ಹದವಾದ ಬೆಳಕಿನ ಪಟ್ಟಿ ಮೂಡುತ್ತದೆ. ಬೆಳಕು ಕಡಿಮೆಯಿರುವುದರಿಂದ ಟ್ರೈಪಾಡ್ ಬೇಕೇ ಬೇಕು. ಲೆನ್ಸಿನ ಮುಂದೆ ಕೂರಿಸುವ ಪೋಲರೈಸಿಂಗ್ ಫಿಲ್ಟರನ್ನು ತಿರುಗಿಸಿದರೆ ಗಾಜಿನ ಮತ್ತು ಬಣ್ಣದ ಮೇಲಿನ ಪ್ರತಿಬಿಂಬ ತಗ್ಗುತ್ತದೆ, ಆದರೆ ಲೋಹದ ಹೊಳಪಿನ ಮೇಲೆ ಅದರ ಆಟ ನಡೆಯದು. ಕ್ರೋಮಿಗೆ ಉಪಾಯ ಬೇರೆ: ಅಗಲವಾದ ಬಿಳಿ ಪಂಚೆಯೊಂದನ್ನು ಇಬ್ಬರು ಬಂಪರಿನ ಎದುರು, ಚೌಕಟ್ಟಿಗೆ ಬೀಳದಂತೆ ಹಿಡಿದು ನಿಂತರೆ ಗಲೀಜು ಪ್ರತಿಬಿಂಬದ ಜಾಗದಲ್ಲಿ ಶುಭ್ರವಾದ ಬಿಳಿ ಗೆರೆ ಕಾಣುತ್ತದೆ. ಈ ಹಂತದಲ್ಲಿ ಆತುರ ಮಾಡಬೇಡಿ, ಚಿತ್ರದ ಅರ್ಧ ಗೆಲುವು ಇಲ್ಲಿಯೇ ಇದೆ.

ಮೊಬೈಲಿನಲ್ಲಿ ತೆಗೆಯುವವರು ತೀರ ಹತ್ತಿರ ಹೋಗಬಾರದು, ಹೆಡ್‌ಲೈಟ್ ಊದಿಕೊಂಡಂತೆ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು, ಪ್ರತ್ಯೇಕ ಜೂಮ್ ಲೆನ್ಸ್ ಇದ್ದರೆ ಅದನ್ನೇ ಬಳಸಿ.

ಮುದ್ರಣದ ಲೆಕ್ಕ ಸರಳ. ಆರೇಳು ಅಡಿ ದೂರದಿಂದ ನೋಡುವ ಚಿತ್ರಕ್ಕೆ ಇಂಚಿಗೆ 150 ಪಿಕ್ಸೆಲ್ ಸಾಕು. 6000 × 4000 ಪಿಕ್ಸೆಲ್ಲಿನ, ಅಂದರೆ 24 ಮೆಗಾಪಿಕ್ಸೆಲ್ಲಿನ ಚಿತ್ರವನ್ನು 36 × 24 ಇಂಚಿಗೆ ನಿಶ್ಚಿಂತೆಯಿಂದ ಮುದ್ರಿಸಬಹುದು. ಮಿರುಗುವ ಕಾಗದ ಬೇಡ, ಕಾರಿನ ಹೊಳಪಿಗೆ ಕಾಗದದ ಹೊಳಪೂ ಸೇರಿದರೆ ಕಣ್ಣು ಕುಕ್ಕುತ್ತದೆ. ಮ್ಯಾಟ್ ಕಾಗದ, ಪಿಗ್ಮೆಂಟ್ ಶಾಯಿ ಎಂದು ಮುದ್ರಣದವರಿಗೆ ಸ್ಪಷ್ಟವಾಗಿ ಹೇಳಿ. ಆ ಶಾಯಿ ಬೇಗ ಮಾಸುವುದಿಲ್ಲ. ಫ್ರೇಮಿನ ಗಾಜಿಗೆ ಚಿತ್ರ ಅಂಟಿಕೊಳ್ಳದಂತೆ ನಡುವೆ ಆಮ್ಲರಹಿತ ಮೌಂಟ್ ಬೋರ್ಡ್, ಅಂದರೆ ಚಿತ್ರದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು ಇರಲಿ.

ತೂಗುಹಾಕುವಾಗ ಚಿತ್ರದ ನಡುಭಾಗ ನೆಲದಿಂದ ಸುಮಾರು 58 ಇಂಚು ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ನೇರವಾಗುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದ ಥಂಡಿ ಹಿಡಿಯುವ ಹೊರಗೋಡೆಯನ್ನೂ ತಪ್ಪಿಸಿ, ಫ್ರೇಮಿನ ಹಿಂಬದಿಯ ನಾಲ್ಕು ಮೂಲೆಗೂ ರಬ್ಬರಿನ ಬಿಲ್ಲೆ ಅಂಟಿಸಿ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಿದರೆ ಬೂಷ್ಟು ಹಿಡಿಯುವುದಿಲ್ಲ.