ಲ್ಯಾಪ್‌ಟಾಪ್ ಅಡಾಪ್ಟರ್‌ನಿಂದ ನಡೆಯುವ ಕ್ಲಾಸ್ ಡಿ ಆಂಪ್ಲಿಫೈಯರ್: ಮನೆಯಲ್ಲೇ ಕಟ್ಟುವ ಕ್ರಮ

ಬಹುಕಾಲದಿಂದ ಬಳಕೆಯಲ್ಲಿರುವ ಕ್ಲಾಸ್ ಎಬಿ ಆಂಪ್ಲಿಫೈಯರ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಅರೆಬರೆ ತೆರೆದ ಸ್ಥಿತಿಯಲ್ಲಿ ಕೆಲಸ ಮಾಡುವುದರಿಂದ ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ಕ್ಲಾಸ್ ಡಿಯಲ್ಲಿ ಅವು ಸೆಕೆಂಡಿಗೆ ಲಕ್ಷಾಂತರ ಬಾರಿ ಪೂರ್ತಿ ಆನ್ ಅಥವಾ ಪೂರ್ತಿ ಆಫ್ ಆಗುತ್ತವೆ. ಧ್ವನಿಯ ಏರಿಳಿತವು ಈ ಪಲ್ಸ್‌ಗಳ ಅಗಲದಲ್ಲಿ ಅಡಗಿರುತ್ತದೆ. ಕೊನೆಯಲ್ಲಿರುವ ಕಾಯಿಲ್ ಮತ್ತು ಕೆಪಾಸಿಟರ್‌ಗಳು ವೇಗದ ಸ್ವಿಚಿಂಗನ್ನು ತಡೆದು ಧ್ವನಿಯನ್ನಷ್ಟೇ ಸ್ಪೀಕರ್‌ಗೆ ಬಿಡುತ್ತವೆ. ದಕ್ಷತೆ 90 ಶೇಕಡಾದ ಆಸುಪಾಸಿನಲ್ಲಿರುವುದರಿಂದ ಭಾರವಾದ ಟ್ರಾನ್ಸ್‌ಫಾರ್ಮರ್ ಆಗಲಿ, ಶಾಖ ಹೊರಬಿಡುವ ದೊಡ್ಡ ಲೋಹದ ಹೀಟ್‌ಸಿಂಕ್ ಆಗಲಿ ಬೇಕಾಗುವುದಿಲ್ಲ.

ಮೊದಲ ಪ್ರಯತ್ನಕ್ಕೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116ಡಿ2 ಅಥವಾ ಟಿಪಿಎ3118ಡಿ2 ಚಿಪ್ ಇರುವ ಸಿದ್ಧ ಬೋರ್ಡ್ ತೆಗೆದುಕೊಳ್ಳುವುದೇ ಒಳಿತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿಯೂ ಆನ್‌ಲೈನ್‌ನಲ್ಲಿಯೂ ಇಂಥ ಬೋರ್ಡ್‌ಗಳು ದೊರೆಯುತ್ತವೆ. ಚಿಪ್ಪನ್ನು ಬಿಡಿಯಾಗಿ ಕೊಂಡು ಸಾಮಾನ್ಯ ಡಾಟ್ ಬೋರ್ಡ್ ಮೇಲೆ ಕಟ್ಟಲು ಹೊರಡುವುದು ಸಲ್ಲದು. ಇಷ್ಟು ವೇಗದ ಸ್ವಿಚಿಂಗ್‌ನಲ್ಲಿ ಕೆಪಾಸಿಟರ್ ಮತ್ತು ಚಿಪ್ಪಿನ ನಡುವಿನ ಒಂದೆರಡು ಸೆಂಟಿಮೀಟರ್ ತಂತಿಯೂ ತೊಂದರೆ ಕೊಡುತ್ತದೆ. ನಮ್ಮ ಕೈಕೆಲಸ ನಿಜವಾಗಿ ಬೇಕಾಗುವುದು ವಿದ್ಯುತ್ ಪೂರೈಕೆ, ಗ್ರೌಂಡ್ (ಪೂರೈಕೆಯ ಮೈನಸ್‌ಗೆ ಸೇರಿದ ಸಾಮಾನ್ಯ ತುದಿ) ಮತ್ತು ತಂತಿಗಳ ವಿಷಯದಲ್ಲಿ. ಒಳ್ಳೆಯ ಬೋರ್ಡ್‌ನಿಂದಲೂ ಗೊರಗೊರ ಸದ್ದು ಬರುವುದು ಸಾಮಾನ್ಯವಾಗಿ ಇವುಗಳಿಂದಲೇ.

ಬೋರ್ಡ್ ಮೇಲೆ ಅಚ್ಚಾದ ವ್ಯಾಟ್ ಅಂಕಿಯನ್ನು ನಂಬುವ ಬದಲು ಲೆಕ್ಕ ಹಾಕಬೇಕು. ವೋಲ್ಟೇಜಿನ ವರ್ಗವನ್ನು (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದನ್ನು) ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿದರೆ ಅಲೆ ಕತ್ತರಿಸಿಹೋಗದಂತೆ ಸಿಗಬಹುದಾದ ಗರಿಷ್ಠ ಶಕ್ತಿ ಬರುತ್ತದೆ. 19 ವೋಲ್ಟ್‌ಗೆ 8 ಓಮ್ ಸ್ಪೀಕರ್ ಜೋಡಿಸಿದರೆ ಅದು ಒಂದು ಚಾನೆಲ್‌ಗೆ ಸುಮಾರು 22 ವ್ಯಾಟ್. ಎರಡೂ ಚಾನೆಲ್ ಸೇರಿ 45 ವ್ಯಾಟ್, ನಷ್ಟ ಸೇರಿಸಿದರೆ 50 ವ್ಯಾಟ್. ಅಂದರೆ 65 ವ್ಯಾಟ್‌ನ ಲ್ಯಾಪ್‌ಟಾಪ್ ಅಡಾಪ್ಟರ್ ಧಾರಾಳವಾಗಿ ಸಾಕು, ಮನೆಯ ಕೋಣೆಗೆ ಆ ಸದ್ದೂ ಸಾಕು. ಈ ಚಿಪ್‌ಗಳು 26 ವೋಲ್ಟ್‌ವರೆಗೆ ನಡೆಯುತ್ತವೆಯಾದರೂ ಗಡಿಯ ಹತ್ತಿರ ಹೋಗುವ ಅಗತ್ಯವಿಲ್ಲ. ಅಡಾಪ್ಟರ್ ಬಳಸುವುದರ ಇನ್ನೊಂದು ಲಾಭವೆಂದರೆ 230 ವೋಲ್ಟ್ ನಮ್ಮ ಡಬ್ಬಿಯೊಳಗೆ ಬರುವುದೇ ಇಲ್ಲ. ಹಳೆಯ ಅಡಾಪ್ಟರ್ ಆದರೆ ಪ್ಲಗ್ಗಿನ ಯಾವ ಭಾಗ ಪ್ಲಸ್, ಯಾವುದು ಮೈನಸ್ ಎಂಬುದನ್ನು ಮಲ್ಟಿಮೀಟರ್‌ನಿಂದ ನೋಡಿಯೇ ಜೋಡಿಸಬೇಕು, ಏಕೆಂದರೆ ಕೆಲವು ಕಂಪನಿಗಳ ಪ್ಲಗ್ಗಿನ ನಡುವಿನ ಸಣ್ಣ ಪಿನ್ ಪ್ಲಸ್ ಅಲ್ಲ, ಅಡಾಪ್ಟರ್‌ನ ಗುರುತನ್ನು ಲ್ಯಾಪ್‌ಟಾಪ್‌ಗೆ ತಿಳಿಸುವ ಪಿನ್.

ಪ್ಲಸ್ ತಂತಿಯಲ್ಲಿ 4 ಆಂಪಿಯರ್ ಫ್ಯೂಸ್ ಹಾಕಿ, ಬೋರ್ಡ್‌ನ ಪವರ್ ಟರ್ಮಿನಲ್‌ಗೆ ಅಂಟಿಕೊಂಡಂತೆ 35 ವೋಲ್ಟ್, 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಪ್ಲಸ್-ಮೈನಸ್ ನೋಡಿ ಬೆಸೆಯಬೇಕು. ವಾಲ್ಯೂಮ್‌ಗೆ 10 ಕಿಲೋಓಮ್‌ನ ಜೋಡಿ ಲಾಗ್ ಪಾಟ್ (ಒಂದೇ ಗುಂಡಿಯಿಂದ ಎರಡೂ ಚಾನೆಲ್ ನಡೆಸುವ, ಕಿವಿಗೆ ಸದ್ದು ಸಮನಾಗಿ ಏರುವಂತೆ ಮಾಡಿದ ಪೊಟೆನ್ಷಿಯೊಮೀಟರ್) ಸರಿಹೋಗುತ್ತದೆ. ಲೀನಿಯರ್ ಪಾಟ್ ಹಾಕಿದರೆ ಗುಂಡಿಯನ್ನು ಸ್ವಲ್ಪ ತಿರುಗಿಸುವಷ್ಟರಲ್ಲೇ ಸದ್ದು ಜೋರಾಗಿ, ಉಳಿದ ಸುತ್ತು ವ್ಯರ್ಥವಾಗುತ್ತದೆ. ಪಾಟ್‌ನಿಂದ ಬೋರ್ಡ್‌ಗೆ ಶೀಲ್ಡ್ ಇರುವ ತಂತಿಯನ್ನೇ ಬಳಸಿ, ಅದನ್ನು ಪವರ್ ಮತ್ತು ಸ್ಪೀಕರ್ ತಂತಿಗಳಿಂದ ದೂರವಿಡಬೇಕು.

ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದರ ಬಗ್ಗೆ ಒಂದು ಮಾತು. ಈ ಚಿಪ್‌ಗಳಲ್ಲಿ 20, 26, 32 ಮತ್ತು 36 ಡೆಸಿಬಲ್ ಎಂಬ ನಾಲ್ಕು ಆಯ್ಕೆಗಳಿದ್ದು, ಗೇನ್ ಪಿನ್‌ನ ರೆಸಿಸ್ಟರ್‌ಗಳು ಅದನ್ನು ನಿರ್ಧರಿಸುತ್ತವೆ. ಹೆಚ್ಚಿನ ಗೇನ್‌ಗೆ ಕಟ್ಟಿದ ಬೋರ್ಡ್‌ನಲ್ಲಿ ಹಾಡು ನಿಂತಾಗ 'ಸ್ಸ್' ಎಂಬ ಸದ್ದು ಎದ್ದು ಕೇಳಿಸುತ್ತದೆ. 26 ಡೆಸಿಬಲ್ ಎಂದರೆ 20 ಪಟ್ಟು, 0.7 ವೋಲ್ಟ್‌ನಷ್ಟು ಸಿಗ್ನಲ್ ಬಂದರೆ 19 ವೋಲ್ಟ್ ಪೂರೈಕೆಯ ಪೂರ್ತಿ ಶಕ್ತಿ ಹೊರಬರುವುದರಿಂದ ಫೋನ್‌ಗೂ ಕಂಪ್ಯೂಟರ್‌ಗೂ ಇದು ಸೂಕ್ತ. ಇದಕ್ಕೆ ಗೇನ್ ಪಿನ್‌ನಿಂದ ಗ್ರೌಂಡ್‌ಗೆ 20 ಕಿಲೋಓಮ್, ಚಿಪ್ ತಾನೇ ತಯಾರಿಸುವ ವೋಲ್ಟೇಜ್ ಇರುವ ಜಿವಿಡಿಡಿ (GVDD) ಪಿನ್‌ಗೆ 100 ಕಿಲೋಓಮ್ ಇರಬೇಕು.

ಇನ್ನು, ಎಲ್ಲಕ್ಕಿಂತ ಎಚ್ಚರಿಕೆ ಬೇಡುವ ಸಂಗತಿ. ಈ ಚಿಪ್‌ಗಳು ಬ್ರಿಡ್ಜ್ ರೀತಿಯಲ್ಲಿ ಕೆಲಸ ಮಾಡುವುದರಿಂದ ಸ್ಪೀಕರ್‌ನ ಎರಡೂ ತುದಿಗಳಲ್ಲಿ ಸಿಗ್ನಲ್ ಇರುತ್ತದೆ. ಮೈನಸ್ ಎಂದು ಬರೆದಿರುವ ತುದಿ ಗ್ರೌಂಡ್ ಅಲ್ಲ. ಎಡ-ಬಲ ಸ್ಪೀಕರ್‌ಗಳ ಮೈನಸ್‌ಗಳನ್ನು ಒಂದಕ್ಕೊಂದು ಸೇರಿಸುವುದಾಗಲಿ, ಡಬ್ಬಿಯ ಲೋಹಕ್ಕೆ ತಾಗಿಸುವುದಾಗಲಿ, ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಅಲ್ಲಿ ಸಿಕ್ಕಿಸುವುದಾಗಲಿ ಕೂಡದು. ಹಳೆಯ ಮ್ಯೂಸಿಕ್ ಸಿಸ್ಟಮ್‌ನ ಡಬ್ಬಿಯನ್ನೇ ಮತ್ತೆ ಬಳಸುವವರು, ಅದರ ಸ್ಪೀಕರ್ ಸಾಕೆಟ್‌ಗಳ ಮೈನಸ್‌ಗಳು ಒಳಗೇ ಕೂಡಿವೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಲಿ.

ಮೊದಲ ಬಾರಿ ಆನ್ ಮಾಡುವಾಗ ಸ್ಪೀಕರ್ ಜೋಡಿಸದೆ, ಪ್ಲಸ್ ತಂತಿಯ ನಡುವೆ ಲಾರಿಗಳಲ್ಲಿ ಬಳಸುವ 24 ವೋಲ್ಟ್, 21 ವ್ಯಾಟ್ ಬಲ್ಬನ್ನು ಸರಣಿಯಲ್ಲಿ ಹಾಕಬೇಕು. ಬಲ್ಬ್ ಒಂದು ಕ್ಷಣ ಮಿನುಗಿ ಆರಿದರೆ ಸರಿ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಬಳಿಕ ಪ್ರತಿ ಔಟ್‌ಪುಟ್ ತುದಿಯಿಂದ ಗ್ರೌಂಡ್‌ಗೆ ಅಳೆದರೆ ಪೂರೈಕೆಯ ಸುಮಾರು ಅರ್ಧ ವೋಲ್ಟೇಜ್ ಕಾಣುತ್ತದೆ, ಅದು ದೋಷವಲ್ಲ. ಸ್ಪೀಕರ್‌ನ ಎರಡು ತುದಿಗಳ ನಡುವೆ ಮಾತ್ರ ಕೆಲವೇ ಮಿಲಿವೋಲ್ಟ್‌ಗಳಿರಬೇಕು. ಆಮೇಲೆ ಬಲ್ಬ್ ತೆಗೆದು, ಹಾಳಾದರೂ ಚಿಂತೆಯಿಲ್ಲದ ಸ್ಪೀಕರ್ ಒಂದನ್ನು ಹಾಕಿ ಹಾಡು ಕೇಳಬಹುದು. 3116ರಲ್ಲಿ ಚಿಪ್ಪಿನ ಬೆನ್ನಿನ ಮೇಲೆ ಹೀಟ್‌ಸಿಂಕ್ ಕೂರಬೇಕು. 3118 ತನ್ನ ಶಾಖವನ್ನು ಬೋರ್ಡ್‌ಗೇ ಇಳಿಸುತ್ತದೆ.

ಬ್ಲೂಟೂತ್ ಮಾಡ್ಯೂಲನ್ನು ಅದೇ ಅಡಾಪ್ಟರ್‌ನಿಂದ, ವೋಲ್ಟೇಜ್ ಇಳಿಸುವ ಪುಟ್ಟ ಬೋರ್ಡ್ ಮೂಲಕ ನಡೆಸಿದಾಗ ಕೀರಲು ಸದ್ದು ಸೇರಿಕೊಳ್ಳುವುದುಂಟು. ಪವರ್ ಗ್ರೌಂಡ್‌ನ ಪ್ರವಾಹವು ಆಡಿಯೊ ಗ್ರೌಂಡ್‌ನ ಮೂಲಕವೂ ಸುತ್ತುವುದೇ ಇದಕ್ಕೆ ಕಾರಣ. ಎರಡು ಬದಿಯ ಗ್ರೌಂಡ್‌ಗಳನ್ನು ಬೇರ್ಪಡಿಸುವ, ಬಿ0505ಎಸ್‌ನಂಥ ಐಸೊಲೇಟೆಡ್ ಪರಿವರ್ತಕವನ್ನು ನಡುವೆ ಹಾಕಿದರೆ ಅಥವಾ ಮಾಡ್ಯೂಲ್‌ಗೆ ಬೇರೆಯೇ ಫೋನ್ ಚಾರ್ಜರ್ ಕೊಟ್ಟರೆ ಸದ್ದು ಹೋಗುತ್ತದೆ. ಮೂರು ಪಿನ್‌ನ ಅಡಾಪ್ಟರ್ ಮತ್ತು ಡೆಸ್ಕ್‌ಟಾಪ್ ಕಂಪ್ಯೂಟರ್ ಸೇರಿದಾಗ ಕೇಳುವ 'ಹುಂ' ಸದ್ದಿಗೆ ಆಡಿಯೊ ತಂತಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕುವುದು ಪರಿಹಾರ. ಅರ್ಥಿಂಗ್ ಪಿನ್ ಕತ್ತರಿಸುವುದು ಪರಿಹಾರವಲ್ಲ, ಅಪಾಯ.

ಕೊನೆಗೆ ಒಂದು ಮೀಡಿಯಂ ವೇವ್ ರೇಡಿಯೊವನ್ನು ಪಕ್ಕದಲ್ಲಿಟ್ಟು, 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯಿಂದ ಮೇಲಕ್ಕೆ ಮುಳ್ಳನ್ನು ತಿರುಗಿಸಿ ನೋಡಬೇಕು. ಚಿಪ್ 400 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುತ್ತಿದ್ದರೆ 800 ಮತ್ತು 1200ರ ಸುತ್ತ ಗದ್ದಲ ಕೇಳಿಸಬಹುದು. ಸ್ಪೀಕರ್ ತಂತಿಗಳನ್ನು ಗಿಡ್ಡ ಮಾಡಿ, ಜೋಡಿಯಾಗಿ ಹೊಸೆದು, ಡಬ್ಬಿಯಿಂದ ಹೊರಬರುವಲ್ಲಿ ಫೆರೈಟ್ ಮಣಿ ತೊಡಿಸಿದರೆ ಅದು ಬಹುಮಟ್ಟಿಗೆ ತಗ್ಗುತ್ತದೆ.