ದಿವಾಳಿ ಅರ್ಜಿ ವಾಪಸ್ ಬರುತ್ತಿದ್ದರೆ

1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ ಹಾಕಿದ್ದ ನನ್ನ ಅರ್ಜಿ ಎರಡು ಸಲ ಆಕ್ಷೇಪಣೆಯೊಂದಿಗೆ ವಾಪಸ್ ಬಂತು. ಅಫಿಡವಿಟ್ ಹೊಸದಾಗಿ ಮಾಡಿಸಿದೆ, ಬ್ಯಾಂಕ್ ಸ್ಟೇಟ್‌ಮೆಂಟ್ ಕಟ್ಟುಗಟ್ಟಲೆ ಲಗತ್ತಿಸಿದೆ. ಪ್ರಯೋಜನವಾಗಲಿಲ್ಲ.

ಕೆಲಸ ಆಗಿದ್ದು, ಅರ್ಜಿಯಲ್ಲಿ ಏನೇನಿರಬೇಕು ಎಂದು ಹೇಳುವ ಆ ಕಾಯ್ದೆಯ ಕಲಂ 13ರ ಕ್ರಮದಲ್ಲೇ ಬರೆದಾಗ. ಮೊದಲು ‘ಸಾಲ ತೀರಿಸಲು ಶಕ್ತನಲ್ಲ’ ಎಂಬ ನೇರ ವಾಕ್ಯ, ಆಮೇಲೆ ವಾಸದ ಊರು, ಬಂಧನ ಅಥವಾ ಜಪ್ತಿ ಆದೇಶವಿದ್ದರೆ ಆ ಕೋರ್ಟಿನ ವಿವರ. ನಂತರ ಸಾಲ ಕೊಟ್ಟವರ ಪಟ್ಟಿ. ‘ಕೈಸಾಲ, ಇತರೆ: 1,40,000’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೇ ತಪ್ಪು, ಐದೂ ಜನರ ಹೆಸರು, ವಿಳಾಸ, ಬಾಕಿ ಬಿಡಿಬಿಡಿಯಾಗಿ ಬರೆದೆ. ಆಸ್ತಿಗೆ ಬೆಲೆಯೂ ಬೇಕು, ಅದು ಇರುವ ಜಾಗವೂ ಬೇಕು, ಹಳೇ ಸ್ಕೂಟರ್ ಆದರೂ ಸರಿ. ಜಪ್ತಿಗೆ ಬಾರದ ನನ್ನ ಹೊಲಿಗೆ ಯಂತ್ರ, ಅಡುಗೆ ಪಾತ್ರೆ ಬಿಟ್ಟು ಉಳಿದದ್ದನ್ನು ಕೋರ್ಟಿಗೆ ಒಪ್ಪಿಸಲು ಸಿದ್ಧ ಎಂಬ ಘೋಷಣೆ. ಕೊನೆಗೆ, ಹಿಂದೆ ದಿವಾಳಿ ಅರ್ಜಿ ಹಾಕಿರದಿದ್ದರೂ ‘ಹಾಕಿಲ್ಲ’ ಎಂದು ಬರೆಯಲೇಬೇಕು.